ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರೇ?



ಕೆಲವು ಮಾತುಗಳು ಗೋಣಿಚೀಲದ ಹಾಗೆ. ಏನು ಬೇಕಾದರೂ ಅದರೊಳಗೆ ತುರುಕಬಹುದು. ‘ಗ್ಯಾಸ್ಟ್ರಿಕ್’ ಅನ್ನುವುದು ಅಂಥದೊಂದು ಮಾತು. ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್, ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್! ಮದುವೆ ಮನೆಯಲ್ಲಿ ನಾಲ್ಕು ಜನ ಹೆಂಗಸರು ಒಂದು ಕಡೆ ಕೂತರೆ, ಸೀರೆಯ ಮಾತು ಸೊಸೆಯ ಮಾತು ಮುಗಿದ ಮೇಲೆ ಬರುವ ಮೂರನೆಯ ಮಾತು ಇದೇ ತಾನೇ? ಒಬ್ಬರು ಜೀರಿಗೆ ಕಷಾಯ ಅಂತಾರೆ, ಇನ್ನೊಬ್ಬರು ತಣ್ಣನೆ ಹಾಲು ಅಂತಾರೆ, ಮತ್ತೊಬ್ಬರು ವ್ಯಾನಿಟಿ ಬ್ಯಾಗಿನಿಂದ ಮಾತ್ರೆಯ ಹಾಳೆಯನ್ನೇ ತೆಗೆದು ಕೊಡುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಕಾಯಿಲೆ ಯಾವುದು ಅಂತ ಯಾರಿಗೆ ಗೊತ್ತು?

ನನಗೆ ಬರುವ ಕಾಗದಗಳಲ್ಲೂ ಈ ಮಾತು ಪದೇ ಪದೇ ಬರುತ್ತದೆ. ‘ಹತ್ತು ವರ್ಷದಿಂದ ಗ್ಯಾಸ್ಟ್ರಿಕ್ ಇದೆ, ಏನಾದರೂ ಮನೆಮದ್ದು ತಿಳಿಸಿ’ ಅಂತ. ಹತ್ತು ವರ್ಷ! ಮಿಕ್ಸಿ ಹತ್ತು ದಿನ ಕೆಟ್ಟಿದ್ದರೆ ಸುಮ್ಮನಿರುತ್ತೇವೆಯೇ? ನಾನು ವೈದ್ಯೆಯಲ್ಲ, ಹೈಸ್ಕೂಲು ಓದಿ ಸಂಸಾರಕ್ಕೆ ಬಂದವಳು. ಔಷಧಿ ಬರೆದುಕೊಡುವುದು ನನ್ನ ಕೆಲಸವಲ್ಲ. ಆದರೆ ಆ ಗೋಣಿಚೀಲವನ್ನು ಬಿಚ್ಚಿ, ಒಳಗಿರುವುದನ್ನು ಅಕ್ಕಿ ಬೇರೆ ಕಲ್ಲು ಬೇರೆ ಮಾಡಿದ ಹಾಗೆ ಬೇರ್ಪಡಿಸಿ ನೋಡುವುದು ನಮ್ಮಿಂದ ಆಗುವ ಕೆಲಸವೇ. ಮೊರ ಹಿಡಿಯುವುದು ನಮಗೇನು ಹೊಸದೇ? ಬನ್ನಿ, ಈ ಸಲ ಆ ಕೆಲಸ ಮಾಡೋಣ.

ಒಳಗೆ ಆಗುವುದೇನು?

ನಾವು ನುಂಗಿದ ಅನ್ನ ಗಂಟಲಿನಿಂದ ಹೊಟ್ಟೆಗೆ ಹೋಗುವ ದಾರಿಗೆ ಅನ್ನನಾಳ ಎಂದು ಹೆಸರು. ದೊಡ್ಡವರಲ್ಲಿ ಅದು ಸುಮಾರು 25 ಸೆಂಟಿಮೀಟರ್, ಅಂದರೆ ಹತ್ತು ಅಂಗುಲದಷ್ಟು ಉದ್ದ. ಅದು ಜಠರಕ್ಕೆ ಸೇರುವ ಕಡೆ ಉಂಗುರದಂಥ ಒಂದು ಸ್ನಾಯು ಇದೆ. ಸುರುಕು ಚೀಲದ ದಾರದ ಹಾಗೆ ಅದು ಬಾಯನ್ನು ಬಿಗಿದು ಹಿಡಿದಿರುತ್ತದೆ. ತುತ್ತು ಬಂದಾಗ ಸಡಿಲವಾಗಿ ಒಳಗೆ ಬಿಡುತ್ತದೆ, ಮತ್ತೆ ಬಿಗಿಯುತ್ತದೆ.

ಜಠರದಲ್ಲಿ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರಿನಷ್ಟು ರಸ ಊರುತ್ತದೆ. ಅದರಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಹುಣಿಸೆಹಣ್ಣು, ನಿಂಬೆಹಣ್ಣಿನ ಹುಳಿಗಿಂತ ಇದು ಖಾರವಾದದ್ದು. ಹಾಗಾದರೆ ಜಠರ ಯಾಕೆ ಸುಟ್ಟುಹೋಗುವುದಿಲ್ಲ? ಹಿತ್ತಾಳೆ ಪಾತ್ರೆ ನೆನಪು ಮಾಡಿಕೊಳ್ಳಿ. ಕಲಾಯಿ ಹಾಕಿದ ಪಾತ್ರೆಯಲ್ಲಿ ಹುಳಿ ಸಾರು ಕುದಿಸಿದರೂ ಏನೂ ಆಗುವುದಿಲ್ಲ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಅದೇ ಸಾರು ಕಿಲುಬು ಹಿಡಿಯುತ್ತದೆ. ದೇವರು ಜಠರಕ್ಕೆ ಲೋಳೆಯ ಕಲಾಯಿ ಹಾಕಿದ್ದಾನೆ. ಅನ್ನನಾಳಕ್ಕೆ ಅಂಥ ಗಟ್ಟಿ ಕಲಾಯಿ ಇಲ್ಲ. ಆ ಉಂಗುರ ಸಡಿಲವಾಗಿ ಹುಳಿ ರಸ ಮೇಲಕ್ಕೆ ಬಂದರೆ ಅಲ್ಲಿ ಉರಿಯುತ್ತದೆ.

ಯಾವಾಗಲೋ ಹಬ್ಬದ ದಿನ ಹೋಳಿಗೆ ಹೆಚ್ಚಾಗಿ ಒಮ್ಮೆ ಹೀಗಾದರೆ ಅದು ಕಾಯಿಲೆಯಲ್ಲ, ಎಲ್ಲರಿಗೂ ಆಗುತ್ತದೆ. ಆದರೆ ವಾರಕ್ಕೆ ಎರಡು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಬರತೊಡಗಿದರೆ, ನಿದ್ದೆ ಕೆಡಿಸಿದರೆ, ಊಟಕ್ಕೆ ಹೆದರುವಂತೆ ಮಾಡಿದರೆ, ಅದನ್ನು ಕಾಯಿಲೆ ಎಂದೇ ಲೆಕ್ಕ ಹಿಡಿಯಬೇಕು. ಡಾಕ್ಟರ ಚೀಟಿಯಲ್ಲಿ ಜಿ.ಇ.ಆರ್.ಡಿ. ಎಂದು ನಾಲ್ಕು ಅಕ್ಷರ ಕಂಡರೆ ಗಾಬರಿಯಾಗಬೇಡಿ, ಅದು ಇದೇ. ನಮ್ಮ ಹಿರಿಯರು ಹುಳಿತೇಗು, ಎದೆಯುರಿ, ಆಮ್ಲಪಿತ್ತ ಎನ್ನುತ್ತಿದ್ದುದರಲ್ಲಿ ಬಹುಪಾಲು ಇದೇ.

ಎದ್ದು ಕಾಣುವ ಲಕ್ಷಣಗಳು

ಮೊದಲನೆಯದು ಎದೆಯುರಿ. ಎದೆಗೂಡಿನ ಕೆಳಗಿನ ಗುಳಿಯಿಂದ ಶುರುವಾಗಿ ಎದೆಯ ನಡುವೆ ಕೆಂಡ ಇಟ್ಟ ಹಾಗೆ ಉರಿ ಗಂಟಲಿನ ಕಡೆಗೆ ಏರುತ್ತದೆ. ಊಟವಾದ ಒಂದು ಗಂಟೆ ಒಂದೂವರೆ ಗಂಟೆಯೊಳಗೆ ಬರುವುದು ಹೆಚ್ಚು. ಬಗ್ಗಿದರೆ ಜಾಸ್ತಿ, ಮಲಗಿದರೆ ಇನ್ನೂ ಜಾಸ್ತಿ. ಎದ್ದು ಕೂತರೆ ಸ್ವಲ್ಪ ಕಡಿಮೆ. ತುಂಬಿದ ಕೊಡವನ್ನು ನೆಟ್ಟಗಿಟ್ಟರೆ ನೀರು ಒಳಗಿರುತ್ತದೆ, ಉರುಳಿಸಿದರೆ ಹೊರಗೆ ಬರುತ್ತದೆ. ಅಷ್ಟೇ ಲೆಕ್ಕ.

ಎರಡನೆಯದು, ತಿಂದದ್ದು ಮೇಲಕ್ಕೆ ಬರುವುದು. ವಾಂತಿಯ ಹಾಗೆ ಹೊಟ್ಟೆ ತೊಳಸುವುದಿಲ್ಲ, ಓಕರಿಕೆಯಿಲ್ಲ. ಸುಮ್ಮನೆ ತೇಗಿದಾಗ ಹುಳಿಯೋ ಕಹಿಯೋ ಆದ ನೀರು, ಕೆಲವೊಮ್ಮೆ ಅನ್ನದ ಅಗುಳು, ಬಾಯಿಗೆ ಬಂದುಬಿಡುತ್ತದೆ. ರಾತ್ರಿ ಮಲಗಿದಾಗ ಬಂದರೆ ಉಸಿರು ಕಟ್ಟಿದಂತಾಗಿ ಕೆಮ್ಮುತ್ತಾ ಎದ್ದು ಕೂರಬೇಕಾಗುತ್ತದೆ. ಕೆಲವರಿಗೆ ಇದ್ದಕ್ಕಿದ್ದಂತೆ ಬಾಯಿ ತುಂಬ ನೀರು ಊರುತ್ತದೆ.

ಈ ಎರಡೂ ಇದ್ದರೆ ಗುರುತು ಹಿಡಿಯುವುದು ಸುಲಭ. ಕಷ್ಟ ಇರುವುದು ವೇಷ ಮರೆಸಿಕೊಂಡು ಬರುವ ಲಕ್ಷಣಗಳಲ್ಲಿ.

ವೇಷ ಮರೆಸಿದ ಲಕ್ಷಣಗಳು

ಶೀತವಿಲ್ಲ, ಜ್ವರವಿಲ್ಲ, ಆದರೂ ತಿಂಗಳುಗಟ್ಟಲೆ ಒಣಕೆಮ್ಮು. ಮಲಗಿದ ಮೇಲೆ ಶುರು. ಕೆಮ್ಮಿನ ಔಷಧಿ ಬಾಟಲಿ ಮೇಲೆ ಬಾಟಲಿ ಮುಗಿದರೂ ಹೋಗುವುದಿಲ್ಲ. ಇದಕ್ಕೆ ಹುಳಿ ರಸ ಗಂಟಲಿಗೆ ತಾಗುವುದೂ ಒಂದು ಕಾರಣ. ಆದರೆ ಒಂದು ಮಾತು ಮರೆಯಬೇಡಿ: ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಮಾಡಿಸಿಬಿಡಬೇಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಬೆಳಿಗ್ಗೆ ಎದ್ದಾಗ ದನಿ ಒಡೆದಂತಿರುವುದು, ಗಂಟಲು ಕೆರೆತ, ಏನೋ ಉಂಡೆ ಸಿಕ್ಕಿಕೊಂಡ ಹಾಗೆ ಪದೇ ಪದೇ ಕ್ಯಾಕರಿಸಬೇಕೆನ್ನಿಸುವುದು, ಇವೂ ಇರಬಹುದು. ಹಲ್ಲಿನ ಹೊಳಪು ಹೋಗಿ ಒಳಮೈ ಸವೆದು, ತಣ್ಣೀರು ಕುಡಿದರೆ ಜುಮ್ಮೆನ್ನುವುದು ಇನ್ನೊಂದು. ಹಲ್ಲಿನ ಡಾಕ್ಟರೇ ‘ನಿಮಗೆ ಹುಳಿತೇಗು ಇದೆಯಾ?’ ಎಂದು ಕೇಳಿ ಕಾಯಿಲೆ ಪತ್ತೆ ಮಾಡುವುದುಂಟು. ಉಬ್ಬಸ ಇದ್ದವರಿಗೆ ರಾತ್ರಿ ಹೊತ್ತು ಉಬ್ಬಸ ಹೆಚ್ಚಾಗುವುದಕ್ಕೂ ಇದಕ್ಕೂ ನಂಟಿದೆ. ಇಂಥವರಲ್ಲಿ ಕೆಲವರಿಗೆ ಎದೆಯುರಿ ಇರುವುದೇ ಇಲ್ಲ. ಆದ್ದರಿಂದಲೇ ಗೊತ್ತಾಗುವುದಿಲ್ಲ.

ಇದಲ್ಲದ್ದು ಯಾವುದು?

ಬರೀ ವಾಯು ಬೇರೆ. ಹೊಟ್ಟೆ ಡೊಳ್ಳಿನ ಹಾಗೆ ಉಬ್ಬುತ್ತದೆ, ಗುಡುಗುಡು ಎನ್ನುತ್ತದೆ, ತೇಗು ಬಂದರೆ ಅಥವಾ ವಾಯು ಸರಿದರೆ ಹಾಯೆನಿಸುತ್ತದೆ. ಉರಿ ಇಲ್ಲ, ಹುಳಿ ಇಲ್ಲ.

ಜಠರದ ಹುಣ್ಣು ಬೇರೆ. ಅದರ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಒಂದೇ ಕಡೆ ಕೊರೆದ ಹಾಗೆ ಇರುತ್ತದೆ. ಕೆಲವರಿಗೆ ಹೊಟ್ಟೆ ಹಸಿದಾಗ, ನಡುರಾತ್ರಿ ಬರುತ್ತದೆ. ‘ಚಿಂತೆಯಿಂದ, ಖಾರದಿಂದ ಹುಣ್ಣು’ ಎಂದು ಬಹಳ ಕಾಲ ಜಗತ್ತೇ ನಂಬಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಇಬ್ಬರು ಡಾಕ್ಟರು ಅದಕ್ಕೆ ಒಂದು ಸೂಕ್ಷ್ಮಜೀವಿ ಕಾರಣ ಎಂದು ಕಂಡುಹಿಡಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಕ್ರಿಮಿಗಳಿದ್ದ ದ್ರವವನ್ನು ತಾವೇ ಕುಡಿದು ಕಾಯಿಲೆ ಬಿದ್ದು ತೋರಿಸಿದರಂತೆ! 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಆ ಕ್ರಿಮಿಯ ಹುಣ್ಣಿಗೆ ಬೇರೆಯೇ ಔಷಧಿ ಬೇಕು. ಮಂಡಿನೋವಿಗೆ, ತಲೆನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳಿಂದಲೂ ಹುಣ್ಣಾಗುತ್ತದೆ.

ಪಿತ್ತಕೋಶದ ಕಲ್ಲು ಬೇರೆ. ಎಣ್ಣೆ, ತುಪ್ಪದ ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಜೋರು ನೋವು ಬಂದು ಗಂಟೆಗಟ್ಟಲೆ ಇದ್ದು, ಬಲ ಭುಜಕ್ಕೋ ಬೆನ್ನಿಗೋ ಹೊಡೆಯುತ್ತದೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು

ಈಗ ಹೇಳುವುದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಹೃದಯಾಘಾತವೂ ‘ಗ್ಯಾಸ್ಟ್ರಿಕ್’ ವೇಷದಲ್ಲಿ ಬರುತ್ತದೆ. ಹೃದಯಕ್ಕೂ ಅನ್ನನಾಳಕ್ಕೂ ಒಂದೇ ಗೂಡಿನೊಳಗೆ ವಾಸ. ನೋವಿನ ಸುದ್ದಿ ಮಿದುಳಿಗೆ ಮುಟ್ಟುವ ದಾರಿಗಳೂ ಅಕ್ಕಪಕ್ಕದವೇ. ಎಷ್ಟೋ ಸಲ ಡಾಕ್ಟರಿಗೂ ಇ.ಸಿ.ಜಿ. ಮಾಡದೆ ಹೇಳಲಾಗುವುದಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯಾಕೆ ಇದ್ದಾರೆ. ಒಂದು ದಿನ ಬೆಳಿಗ್ಗೆ ರುಬ್ಬುತ್ತಾ ಕೂತಿದ್ದವರು ‘ಯಾಕೋ ದವಡೆ ಹಿಡಿದ ಹಾಗಿದೆ, ಗ್ಯಾಸ್ಟ್ರಿಕ್ ಇರಬೇಕು, ಒಂದಿಷ್ಟು ಸೋಡಾ ತಾ’ ಎಂದರಂತೆ. ಹಣೆ ತುಂಬ ತಣ್ಣನೆ ಬೆವರು. ಎದೆನೋವು ಎನ್ನುವ ಮಾತೇ ಆಡಲಿಲ್ಲ. ಸೊಸೆ ಸೋಡಾ ತರಲಿಲ್ಲ, ಆಟೋ ತಂದಳು. ‘ಏನೂ ಇಲ್ಲ ಕಣೇ, ದುಡ್ಡು ದಂಡ’ ಎಂದು ಅತ್ತೆ ದಾರಿಯುದ್ದಕ್ಕೂ ಬೈದರಂತೆ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದಾಗ ಹೃದಯಾಘಾತ ಎಂದು ಗೊತ್ತಾಯಿತು. ಈಗಲೂ ಆಕೆ ಸಂಜೆ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಾರೆ. ಸೊಸೆಯನ್ನು ಬೈಯುವುದೂ ನಿಂತಿಲ್ಲ ಅನ್ನಿ!

ಗುರುತುಗಳು ಹೀಗೆ: ಎದೆಯ ಮೇಲೆ ಕಲ್ಲು ಹೇರಿದಂಥ ಭಾರ ಅಥವಾ ಹಿಂಡಿದಂಥ ಬಿಗಿತ, ಅದು ಎಡ ತೋಳಿಗೆ, ಎರಡೂ ತೋಳಿಗೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಹಬ್ಬುವುದು, ತಣ್ಣನೆ ಬೆವರು, ಏದುಸಿರು, ಮೆಟ್ಟಿಲು ಹತ್ತಿದಾಗ, ನೀರು ಹೊತ್ತಾಗ ಹೆಚ್ಚಾಗಿ ಕೂತರೆ ಕಡಿಮೆಯಾಗುವುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ವಿಪರೀತ ಸುಸ್ತು, ವಾಕರಿಕೆ, ಉಸಿರಾಟದ ಕಷ್ಟ ಇಷ್ಟೇ ಇರಬಹುದು. ಎದೆಯುರಿಯಂತೆಯೇ ಅನ್ನಿಸಿದರೂ, ಹಿಂದೆಂದೂ ಈ ರೀತಿ ಆಗಿರಲಿಲ್ಲ ಎನ್ನಿಸಿದರೆ ಅದನ್ನೂ ಇದೇ ಸಾಲಿಗೆ ಸೇರಿಸಿ.

ಹೀಗಾದಾಗ ಕಷಾಯ ಕಾಸುತ್ತಾ, ಬೆನ್ನು ತಿಕ್ಕುತ್ತಾ ಹೊತ್ತು ಕಳೆಯಬೇಡಿ. ಅವರನ್ನು ನಡೆಸಬೇಡಿ. 108ಕ್ಕೆ ಫೋನ್ ಮಾಡಿ. ನಮ್ಮ ರಾಜ್ಯದಲ್ಲಿ 2008ರಿಂದ ಈ ಆಂಬುಲೆನ್ಸ್ ಸೇವೆ ಇದೆ, ಹಣ ಕೇಳುವುದಿಲ್ಲ. ಇಲ್ಲವೇ ಸಿಕ್ಕಿದ ವಾಹನದಲ್ಲಿ ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೊರಡಿ. ಹೋಗಿ ‘ಬರೀ ಗ್ಯಾಸ್ಟ್ರಿಕ್’ ಎಂದಾದರೆ ನಗುನಗುತ್ತಾ ಮನೆಗೆ ಬನ್ನಿ. ನಷ್ಟವೇನು?

ಕೂಡಲೇ ಡಾಕ್ಟರಿಗೆ ತೋರಿಸಬೇಕಾದ ಸೂಚನೆಗಳು

ಎದೆಯುರಿಯ ಜೊತೆಗೆ ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನ ಡಬ್ಬಿ ಮುಚ್ಚಿಡಿ:

ಮುದ್ದೆ, ಅನ್ನ, ರೊಟ್ಟಿ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಅಥವಾ ನುಂಗಿದರೆ ನೋವು.

ಪ್ರಯತ್ನಪಡದೆ ತೂಕ ಇಳಿಯುವುದು. ಕುಪ್ಪಸ ಸಡಿಲವಾಯಿತು ಎಂದು ಖುಷಿಪಡುವ ವಿಷಯವಲ್ಲ ಇದು.

ವಾಂತಿಯಲ್ಲಿ ರಕ್ತ, ಅಥವಾ ಕಾಫಿ ಗಸಿಯಂಥ ಕಪ್ಪು ಕಣ.

ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುವುದು. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆ ವಿಷಯ ಡಾಕ್ಟರಿಗೆ ಹೇಳಿ.

ರಕ್ತ ಕಡಿಮೆ ಇದೆ ಎಂದು ಪರೀಕ್ಷೆಯಲ್ಲಿ ಬಂದಿರುವುದು, ನಿಲ್ಲದ ವಾಂತಿ, ಅಥವಾ ಐವತ್ತೈದು ಅರವತ್ತು ದಾಟಿದ ಮೇಲೆ ಮೊದಲ ಸಲ ಈ ತೊಂದರೆ ಶುರುವಾಗಿರುವುದು.

ಇಂಥವರಿಗೆ ಡಾಕ್ಟರು ಎಂಡೋಸ್ಕೋಪಿ ಹೇಳಬಹುದು. ತುದಿಯಲ್ಲಿ ಸಣ್ಣ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಬಾಯಿಯಿಂದ ಇಳಿಸಿ ಒಳಗೆ ನೋಡುತ್ತಾರೆ. ಗಂಟಲು ಮರಗಟ್ಟುವ ಔಷಧಿ ಹೊಡೆಯುತ್ತಾರೆ, ಕೆಲವು ನಿಮಿಷಗಳ ಕೆಲಸ. ಕೇಳಿದಷ್ಟು ಭಯಂಕರವಲ್ಲ. ವರ್ಷಾನುಗಟ್ಟಲೆ ಹುಳಿ ರಸ ತಾಗುತ್ತಲೇ ಇದ್ದರೆ ಅನ್ನನಾಳದಲ್ಲಿ ಹುಣ್ಣಾಗಿ, ಅದು ಮಾಗುವಾಗ ದಾರಿ ಕಿರಿದಾಗಬಹುದು. ಕೆಲವರಲ್ಲಿ ಒಳಪದರವೇ ಬದಲಾಗಿ, ಅಪರೂಪಕ್ಕೆ ಕ್ಯಾನ್ಸರಿಗೂ ತಿರುಗುತ್ತದೆ. ಹೆದರಿಸಲು ಹೇಳಿದ್ದಲ್ಲ, ಹತ್ತು ವರ್ಷ ಕಾಯಬೇಡಿ ಎನ್ನಲು ಹೇಳಿದ್ದು.

ನಮಗೇ ಯಾಕೆ?

ಗಂಡಸರಿಗೂ ಬರುತ್ತದೆ, ಇಲ್ಲವೆನ್ನುವುದಿಲ್ಲ. ಬೀಡಿ, ಸಿಗರೇಟು, ಕುಡಿತ ಇದ್ದವರಿಗೆ ಮತ್ತೂ ಹೆಚ್ಚು. ಆದರೆ ನಮ್ಮ ದಿನಚರಿಯನ್ನು ಒಮ್ಮೆ ನೋಡಿ. ಬೆಳಿಗ್ಗೆ ಮಕ್ಕಳ ಡಬ್ಬಿ, ಯಜಮಾನರ ತಿಂಡಿ, ಅತ್ತೆ ಮಾವನ ಮಾತ್ರೆ. ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ. ತಿಂಡಿ ಹನ್ನೊಂದಕ್ಕೆ. ರಾತ್ರಿ ಎಲ್ಲರ ಊಟವಾಗಿ, ಟಿ.ವಿ. ಧಾರಾವಾಹಿ ಮುಗಿದು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ‘ಬಿಸಾಡೋದು ಯಾಕೆ’ ಎಂದು ಹತ್ತು ಗಂಟೆಗೆ ಬಡಿಸಿಕೊಳ್ಳುತ್ತೇವೆ. ಹತ್ತೂವರೆಗೆ ಹಾಸಿಗೆ. ತುಂಬಿದ ಕೊಡ ಉರುಳಿಸಿದ ಹಾಗೆಯೇ ಆಯಿತಲ್ಲ!

ಅದರ ಮೇಲೆ ಲಂಗದ ಲಾಡಿ ಬಿಗಿಯಾಗಿ ಹೊಟ್ಟೆಯನ್ನು ಒತ್ತುತ್ತದೆ. ಊಟವಾದ ಕೂಡಲೇ ಬಗ್ಗಿ ನೆಲ ಒರೆಸುತ್ತೇವೆ. ಶನಿವಾರ ಒಪ್ಪತ್ತು, ಸಂಕಷ್ಟಿಗೆ ಉಪವಾಸ, ಚಂದ್ರದರ್ಶನವಾದ ಮೇಲೆ ಹೊಟ್ಟೆ ತುಂಬ ಊಟ, ತಕ್ಷಣ ನಿದ್ದೆ. ವ್ರತ ಬೇಡ ಎನ್ನುತ್ತಿಲ್ಲ. ಉಪವಾಸ ಬಿಟ್ಟಾಗ ಮಿತವಾಗಿ ಉಂಡು, ಸ್ವಲ್ಪ ಹೊತ್ತು ಕೂತಿರಿ ಎನ್ನುತ್ತಿದ್ದೇನೆ, ಅಷ್ಟೇ.

ಮೈ ತೂಕ, ಅದರಲ್ಲೂ ಹೊಟ್ಟೆಯ ಬೊಜ್ಜು, ಒಂದು ದೊಡ್ಡ ಕಾರಣ. ಬಸುರಿಯರಿಗೆ ಹಾರ್ಮೋನಿನಿಂದ ಆ ಉಂಗುರ ಸಡಿಲವಾಗುತ್ತದೆ, ಬೆಳೆಯುವ ಗರ್ಭ ಜಠರವನ್ನು ಮೇಲಕ್ಕೆ ಒತ್ತುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಆದರೆ ಐದು ತಿಂಗಳು ತುಂಬಿದ ಮೇಲೆ ಹೊಟ್ಟೆಯ ಮೇಲ್ಭಾಗದ ನೋವಿನ ಜೊತೆ ಜೋರು ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಕಂಡರೆ ಅದು ಎದೆಯುರಿಯಲ್ಲ, ರಕ್ತದ ಒತ್ತಡ ಏರಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್‌ನಂಥ ಮಾತ್ರೆಯಿಂದಲೂ ಕೆಲವರಿಗೆ ಎದೆಯುರಿ ಹೆಚ್ಚಬಹುದು. ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ನುಂಗುವವರು ಲೋಟದ ತುಂಬ ನೀರು ಕುಡಿದು ಅರ್ಧ ಗಂಟೆ ನೆಟ್ಟಗೆ ಕೂತಿರಲೇಬೇಕು, ಇಲ್ಲವಾದರೆ ಅದು ಅನ್ನನಾಳವನ್ನು ಸುಡುತ್ತದೆ.

ಮನೆಯಲ್ಲೇ ಮಾಡಬಹುದಾದದ್ದು

ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಇರಲಿ. ಇದೊಂದೇ ಮಾಡಿದರೂ ಅರ್ಧ ಗೆದ್ದ ಹಾಗೆ. ‘ಎಲ್ಲರಿಗಿಂತ ಮೊದಲು ನಾನು ಹೇಗ್ರೀ ಕೂತುಕೊಳ್ಳಲಿ?’ ಎನ್ನಬೇಡಿ. ಮೊದಲು ಬೇಡ, ಜೊತೆಗೇ ಕೂತುಕೊಳ್ಳಿ. ಅನ್ನ ಸಾರು ನಡುವೆ ಇಟ್ಟುಕೊಂಡರೆ ಬಡಿಸಿಕೊಳ್ಳಲು ಎಲ್ಲರಿಗೂ ಕೈಗಳಿವೆ.

ರಾತ್ರಿ ಹೊತ್ತು ಬಂದರೆ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರೆಂಟು ಅಂಗುಲ ಎತ್ತರಕ್ಕೆ ಅಲುಗಾಡದಂತೆ ಇಟ್ಟಿಗೆಯೋ ಮರದ ದಿಮ್ಮಿಯೋ ಕೊಡಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ಬಗ್ಗಿ ಹೊಟ್ಟೆ ಮಡಿಚುತ್ತದೆ, ಅದರಿಂದ ಉಪಯೋಗವಿಲ್ಲ. ಎಡಮಗ್ಗುಲಿಗೆ ಮಲಗಿ. ಜಠರದ ಆಕಾರ ಹೇಗಿದೆಯೆಂದರೆ, ಎಡಕ್ಕೆ ಮಲಗಿದಾಗ ರಸ ಬಾಯಿಗಿಂತ ಕೆಳಗೇ ನಿಲ್ಲುತ್ತದೆ.

ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಉಣ್ಣುವುದಕ್ಕಿಂತ ಸ್ವಲ್ಪ ಸ್ವಲ್ಪ ಉಣ್ಣಿ. ಬೊಜ್ಜಿದ್ದವರು ಕೆಲವು ಕಿಲೋ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ. ಕರಿದದ್ದು, ಕಾಫಿ, ಟೀ, ಚಾಕೊಲೇಟು, ಪುದೀನ, ಹಸಿ ಈರುಳ್ಳಿ, ಟೊಮೇಟೊ, ಹುಳಿ ಹಣ್ಣು, ಅತಿ ಖಾರ ಇವು ಹಲವರಿಗೆ ಆಗುವುದಿಲ್ಲ. ಆದರೆ ಎಲ್ಲರಿಗೂ ಎಲ್ಲವೂ ಆಗುವುದಿಲ್ಲ ಎಂದಲ್ಲ. ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿ ತಿಂದು ಹಾಯಾಗಿ ನಿದ್ದೆ ಮಾಡುವವರಿದ್ದಾರೆ, ಒಂದು ಲೋಟ ಕಾಫಿಗೇ ಒದ್ದಾಡುವವರಿದ್ದಾರೆ. ನಿಮಗೆ ಯಾವುದು ಆಗದು ಎಂದು ನೋಡಿಕೊಂಡು ಅದನ್ನು ಮಾತ್ರ ಬಿಡಿ. ಪಕ್ಕದ ಮನೆಯವರ ಪಥ್ಯ ನಿಮಗೆ ಯಾಕೆ?

ಗುರುತು ಹಾಕುವ ಉಪಾಯ

ಅದನ್ನು ನೋಡಿಕೊಳ್ಳುವುದು ಹೇಗೆ? ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಅದೇ ಸಾಕು. ಎರಡು ವಾರ, ತೊಂದರೆಯಾದ ದಿನದ ಮನೆಯಲ್ಲಿ ಸಣ್ಣಗೆ ಗುರುತು ಹಾಕಿ. ಉರಿಗೆ ‘ಉ’, ಹುಳಿತೇಗಿಗೆ ‘ಹು’, ಕೆಮ್ಮಿಗೆ ‘ಕೆ’. ಪಕ್ಕದಲ್ಲಿ ಗಂಟೆ, ಮತ್ತು ಅದಕ್ಕೆ ಮುಂಚೆ ತಿಂದದ್ದು. ‘ಹು, ರಾತ್ರಿ 11, ಪೂರಿ’ ಇಷ್ಟು ಸಾಕು.

ಎರಡು ವಾರದಲ್ಲಿ ಕ್ಯಾಲೆಂಡರೇ ಮಾತಾಡುತ್ತದೆ. ಡಾಕ್ಟರ ಮುಂದೆ ಕೂತಾಗ ‘ಗ್ಯಾಸ್ಟ್ರಿಕ್ ಸಾರ್’ ಎನ್ನಬೇಡಿ. ಎಲ್ಲಿ ಆಗುತ್ತದೆ, ಯಾವಾಗ ಆಗುತ್ತದೆ, ವಾರಕ್ಕೆ ಎಷ್ಟು ಸಲ, ಯಾವುದರಿಂದ ಹೆಚ್ಚು ಯಾವುದರಿಂದ ಕಡಿಮೆ, ಈಗ ಯಾವ ಯಾವ ಮಾತ್ರೆ ನುಂಗುತ್ತಿದ್ದೀರಿ, ಈ ಐದು ಮಾತು ಹೇಳಿ. ಹೊರಗೆ ನಲವತ್ತು ಜನ ಕಾದಿರುತ್ತಾರೆ, ಡಾಕ್ಟರಿಗೂ ಪುರುಸೊತ್ತಿಲ್ಲ. ಒಂದು ನಿಮಿಷದಲ್ಲಿ ಸರಿಯಾಗಿ ಹೇಳಿದ ಮಾತು ಹತ್ತು ಪರೀಕ್ಷೆಗೆ ಸಮ.

ಮಾತ್ರೆಯ ಮಾತು

ತಣ್ಣನೆ ಹಾಲು ಕುಡಿದ ಕೂಡಲೇ ಉರಿ ತಣಿಯುತ್ತದೆ, ನಿಜ. ಆದರೆ ಆಮೇಲೆ ಅದೇ ಹಾಲು ಜಠರದಲ್ಲಿ ಮತ್ತಷ್ಟು ಆಮ್ಲ ಊರುವಂತೆ ಮಾಡುತ್ತದೆ. ಅಡಿಗೆ ಸೋಡಾ, ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬರುವ ಪುಡಿ, ಇವುಗಳಲ್ಲಿ ಸೋಡಿಯಂ ಇದೆ. ಬಿ.ಪಿ. ಇದ್ದವರಿಗೆ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ದಿನಾ ಒಳ್ಳೆಯದಲ್ಲ. ಗುಲಾಬಿ ಬಣ್ಣದ ದ್ರವವೋ ಚೀಪುವ ಮಾತ್ರೆಯೋ ಅಪರೂಪಕ್ಕೆ ಸರಿ. ಆದರೆ ಥೈರಾಯ್ಡ್ ಮಾತ್ರೆ ನುಂಗುವವರು ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು. ಕಬ್ಬಿಣದ ಮಾತ್ರೆಯನ್ನೂ ಇದರ ಜೊತೆಗೆ ನುಂಗಬಾರದು. ಜೊತೆಗೆ ನುಂಗಿದರೆ ಆ ಮಾತ್ರೆ ಮೈಗೆ ಹತ್ತುವುದಿಲ್ಲ.

ಹಿಂದೆ ಮನೆಮನೆಯಲ್ಲಿದ್ದ ರ‍್ಯಾನಿಟಿಡಿನ್ ಮಾತ್ರೆಯನ್ನು 2022ರಲ್ಲಿ ಕೇಂದ್ರ ಸರ್ಕಾರ ಅಗತ್ಯ ಔಷಧಿಗಳ ಪಟ್ಟಿಯಿಂದ ಕೈಬಿಟ್ಟಿತು. ಹಳೆಯ ಡಬ್ಬಿಯಲ್ಲಿ ಉಳಿದಿದ್ದರೆ ಅದನ್ನು ಯಾರಿಗೂ ಕೊಡಬೇಡಿ. ಈಗ ಡಾಕ್ಟರು ಹೆಚ್ಚಾಗಿ ಬರೆಯುವುದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ. ಒಳ್ಳೆಯ ಮಾತ್ರೆಯೇ, ಜಠರದ ಆಮ್ಲದ ನಲ್ಲಿಯನ್ನೇ ತಿರುಗಿಸಿ ಕಡಿಮೆ ಮಾಡುತ್ತದೆ. ಆದರೆ ನುಂಗುವ ಕ್ರಮ ಬಹಳ ಜನಕ್ಕೆ ಗೊತ್ತಿಲ್ಲ. ಊಟವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಕ್ಕೆ ಕೊಡುತ್ತಾರೆ. ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ವರ್ಷಗಟ್ಟಲೆ ತಂದು ನುಂಗಿದರೆ ಬಿ 12 ಜೀವಸತ್ವ, ಮೆಗ್ನೀಶಿಯಂ ಕಡಿಮೆಯಾಗಬಹುದು. ಬಹಳ ಕಾಲ ನುಂಗಿದವರಲ್ಲಿ ಮೂಳೆ ಮುರಿಯುವುದು ಸ್ವಲ್ಪ ಹೆಚ್ಚು ಎಂದೂ ಕಂಡುಬಂದಿದೆ. ಹಾಗೆಂದು ಥಟ್ಟನೆ ನಿಲ್ಲಿಸಲೂ ಬೇಡಿ, ಕೆಲವು ದಿನ ಉರಿ ಇಮ್ಮಡಿಯಾಗಿ ಮರಳುವುದುಂಟು. ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬೇಕು. ಕೆಲವರಿಗೆ ಇದು ಬಹಳ ಕಾಲ ಬೇಕೇ ಬೇಕಾಗುತ್ತದೆ, ಅಂಥವರು ಸುಮ್ಮನೆ ಭಯಪಡಬಾರದು.

ರಾತ್ರಿಗೊಂದು ಹಗುರ ಅಡಿಗೆ: ಸೋರೆಕಾಯಿ ತೊವ್ವೆ

ಬೇಕಾಗುವುದು: ಹೆಸರುಬೇಳೆ ಅರ್ಧ ಲೋಟ, ಎಳೆ ಸೋರೆಕಾಯಿ ಹೋಳು ಎರಡು ಲೋಟ, ಜೀರಿಗೆ ಅರ್ಧ ಚಮಚ, ಅರಿಸಿನ ಚಿಟಿಕೆ, ಇಂಗು ಚಿಟಿಕೆ, ಕರಿಬೇವು ಒಂದು ಎಸಳು, ತುಪ್ಪ ಒಂದು ಚಮಚ, ರುಚಿಗೆ ಉಪ್ಪು.

ಮೊದಲು ಸೋರೆಕಾಯಿಯ ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನು ಬಿಸಾಡಿ. ಕಹಿ ಸೋರೆಕಾಯಿ ವಿಷ, ರಕ್ತ ವಾಂತಿಯಾಗುವಷ್ಟು ಕೆಟ್ಟದ್ದು. ಗ್ಯಾಸ್ಟ್ರಿಕ್ಕಿಗೆ ಒಳ್ಳೆಯದೆಂದು ಹಸಿ ರಸ ಕುಡಿಯುವವರು ಇದನ್ನು ಮನಸ್ಸಿನಲ್ಲಿಡಬೇಕು.

ಬೇಳೆಯನ್ನು ಘಂ ಎನ್ನುವ ಹಾಗೆ ಹುರಿದು ತೊಳೆದು, ಅರಿಸಿನ ಹಾಕಿ ಎರಡು ಲೋಟ ನೀರಿನಲ್ಲಿ ಬೇಯಲಿಡಿ. ಮುಕ್ಕಾಲು ಬೆಂದಾಗ ಹೋಳು ಹಾಕಿ. ಮೆತ್ತಗಾದ ಮೇಲೆ ಉಪ್ಪು ಹಾಕಿ ಸೌಟಿನಿಂದ ಸ್ವಲ್ಪ ಮಸೆಯಿರಿ. ತುಪ್ಪದಲ್ಲಿ ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಹುಣಿಸೆ, ಟೊಮೇಟೊ, ಮೆಣಸಿನಕಾಯಿ ಬೇಡ. ಖಾರ ಬೇಕೆನ್ನುವ ಗಂಡಸರಿಗೆ ಪಕ್ಕದಲ್ಲಿ ಉಪ್ಪಿನಕಾಯಿ ಇಡಿ! ಮೆತ್ತನೆ ಅನ್ನಕ್ಕೆ ಕಲಸಿಕೊಂಡು ಏಳೂವರೆಗೆ ಉಂಡರೆ ಹತ್ತೂವರೆಗೆ ಹಾಸಿಗೆ ಸೇರಬಹುದು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಏನು ಉಣ್ಣಬೇಕು ಎನ್ನುವುದನ್ನು ನಾವು ಮನೆಗೆಲ್ಲ ಕಲಿಸಿದ್ದೇವೆ. ಯಾವಾಗ ಉಣ್ಣಬೇಕು ಎನ್ನುವುದನ್ನು ಮಾತ್ರ ನಮ್ಮ ವಿಷಯದಲ್ಲಿ ಮರೆತಿದ್ದೇವೆ. ಇಂದೇ ಕ್ಯಾಲೆಂಡರಿಗೆ ಒಂದು ಪೆನ್ಸಿಲ್ ಕಟ್ಟಿ ನೇತುಹಾಕಿ. ಎರಡು ವಾರ ಕಳೆದರೆ ಮುಂದಿನ ಸಂಚಿಕೆ ನಿಮ್ಮ ಕೈಯಲ್ಲಿರುತ್ತದೆ. ಅಷ್ಟರಲ್ಲಿ ಆ ಮನೆಗಳಲ್ಲಿ ಎಷ್ಟು ‘ಉ’, ಎಷ್ಟು ‘ಹು’ ಕಂಡವು ಎಂದು ನನಗೆ ಬರೆಯಿರಿ. ಅದಕ್ಕಿಂತ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ.